ಕಿಡ್ನಿ ಗಡ್ಡೆಗೆ ಸರಿಯಾದ ಹೆಸರು ಇಡೋರು ಯಾರು?

2025ರಲ್ಲಿ ವಿಜಯಪುರದ ಜನ ಧರಣಿ ಕೂತರು. ಪಿಪಿಪಿ ಬೇಡ, ಪೂರ್ತಿ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು ಅನ್ನೋದು ಅವರ ಬೇಡಿಕೆ. ನನ್ನದೂ ಅದೇ ನಿಲುವು. ಅದಕ್ಕೆ ಒಂದು ಪ್ರಶ್ನೆ ಸೇರಿಸ್ತೀನಿ: ಅದರ ಪೆಥಾಲಜಿ ಲ್ಯಾಬ್ ಹೇಗಿರುತ್ತೆ?

ಕಿಡ್ನಿ ಗಡ್ಡೆಯನ್ನೇ ತಗೊಳ್ಳಿ. ಗಡ್ಡೆ ಇದೆ ಅಂತ ಸ್ಕ್ಯಾನ್ ಹೇಳುತ್ತೆ, ಯಾವುದು ಅಂತ ಎಷ್ಟೋ ಸಲ ಹೇಳಲ್ಲ. ಹಳೇ ಕಲ್ಲು, ಸೋಂಕಿನಿಂದ ಬರುವ ಒಂದು ಬಗೆಯ ಉರಿಯೂತ ಕ್ಯಾನ್ಸರ್ ಥರಾನೇ ಕಾಣುತ್ತೆ. ಆಂಕೋಸೈಟೋಮಾ ಕ್ಯಾನ್ಸರ್ ಅಲ್ಲ, ಕ್ರೋಮೋಫೋಬ್ ಕ್ಯಾನ್ಸರ್. ಆದರೆ ಮೈಕ್ರೋಸ್ಕೋಪಿನಡಿ ಎರಡೂ ಅಣ್ಣತಮ್ಮಂದಿರ ಹಾಗಿರುತ್ತವೆ. ಬೇರ್ಪಡಿಸೋಕೆ ಸಿಕೆ7ನಂಥ ಪ್ರೋಟೀನ್ ಗುರುತಿಸುವ ಇಮ್ಯುನೋ ಪರೀಕ್ಷೆ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ಕೆಲವು ಕಿಡ್ನಿ ಕ್ಯಾನ್ಸರ್‌ಗಳನ್ನು ಜೀನ್ ದೋಷದ ಹೆಸರಿನಿಂದಲೇ ಗುರುತಿಸಲಾಗಿದೆ. ಅದರಲ್ಲಿ ಎಫ್‌ಎಚ್ ಕೊರತೆಯದ್ದು ಒಂದು. ನೋಡೋಕೆ ಸಾಮಾನ್ಯ ಪ್ಯಾಪಿಲರಿ ಕ್ಯಾನ್ಸರಿನಂತೆ, ಹರಡೋದು ಮಾತ್ರ ಬಲು ವೇಗ. ದೋಷ ವಂಶದಲ್ಲಿ ಬಂದಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ಆ ಮನೆಯ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಗಡ್ಡೆ ಕಾಣಿಸಿಕೊಳ್ಳಬಹುದು. ಅಂದರೆ ಇಂಡಿಯ ಒಬ್ಬನ ರಿಪೋರ್ಟು ತಪ್ಪಿದರೆ, ಮುದ್ದೇಬಿಹಾಳಕ್ಕೆ ಕೊಟ್ಟ ಅವನ ತಂಗಿಗೆ ಸಿಗಬೇಕಾದ ಎಚ್ಚರಿಕೆಯೂ ತಪ್ಪುತ್ತೆ.

ಇಂಥ ಅಪರೂಪದ ಕಾಯಿಲೆಗೆ ತಾಲ್ಲೂಕಿಗೊಂದು ಲ್ಯಾಬ್ ಕಟ್ಟೋಕಾಗುತ್ತಾ ಅಂತ ಕೇಳಬಹುದು. ಬೇಕಾಗಿಲ್ಲ. ಸಿಂದಗಿಯ ರೋಗಿ 500 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿಗೆ ರಾತ್ರಿ ಬಸ್ ಹತ್ತೋದೂ ಬೇಕಾಗಿಲ್ಲ. ಮೇಣದಲ್ಲಿ ಕೂಡಿಸಿದ ಗಡ್ಡೆಯ ತುಂಡು, ಅಂದರೆ ಪ್ಯಾರಾಫಿನ್ ಬ್ಲಾಕ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ವರ್ಷಗಟ್ಟಲೆ ಕೆಡಲ್ಲ. ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಕೊರಿಯರ್‌ನಲ್ಲಿ ಹೋಗಬಲ್ಲದು.

ಆದರೆ ಇನ್‌ಪುಟ್ ಕೆಟ್ಟರೆ ಔಟ್‌ಪುಟ್ ಕೆಡುತ್ತೆ ಅಂತ ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತು. ತೆಗೆದ ಕಿಡ್ನಿಯನ್ನು ಸೀಳದೆ ಚಿಕ್ಕ ಡಬ್ಬಿಯಲ್ಲಿ ತುರುಕಿದರೆ ಫಾರ್ಮಲಿನ್ ಒಳಗೆ ಇಳಿಯಲ್ಲ, ಅಂಗಾಂಶ ಕೊಳೆಯುತ್ತೆ. ಆಮೇಲೆ ಯಾವ ದೊಡ್ಡ ಲ್ಯಾಬೂ ಅದನ್ನು ಸರಿಯಾಗಿ ಓದಲಾರದು.

ಹಾಗಾಗಿ ಬೇಡಿಕೆ ಪಟ್ಟಿಗೆ ಮೂರು ಸಾಲು ಸೇರಲಿ: ಜಿಲ್ಲೆಯಲ್ಲೇ ಮೊದಲ ಸುತ್ತಿನ ಇಮ್ಯುನೋ ಪರೀಕ್ಷೆ, ಬ್ಲಾಕ್ ಕಳಿಸುವ ಸರ್ಕಾರಿ ವ್ಯವಸ್ಥೆ, ಮುಂದಿನ ಪರೀಕ್ಷೆಯ ಖರ್ಚು ಸರ್ಕಾರದ್ದು. ಬಸವನ ಬಾಗೇವಾಡಿಯಲ್ಲಿ ವೋಟು ಕೇಳೋಕೆ ಬಂದವರು ಎಷ್ಟು ಹಾಸಿಗೆ ಅಂತ ಹೇಳೇ ಹೇಳ್ತಾರೆ. ಆ ಹಾಸಿಗೆ ಮೇಲೆ ಮಲಗಿದವರಿಗೆ ಯಾವ ಕಾಯಿಲೆ ಅಂತ ಹೇಳೋರು ಯಾರು? ಇದನ್ನು ನಾವೇ ಕೇಳಬೇಕು.