ಮೂರು ಸೋಲು, ಒಂದು ಆತುರದ ನಿರ್ಧಾರ

ಬೆಂಗಳೂರು ಎಫ್‌ಸಿ ಅಭಿಮಾನಿಗಳ ನಡುವಿನ ಒಂದು ವಾಗ್ವಾದ ವರ್ಷಗಳುರುಳಿದರೂ ಇತ್ಯರ್ಥವಾಗಿಲ್ಲ. 2021ರ ಜನವರಿ 6ರಂದು, ಸತತ ಮೂರು ಸೋಲುಗಳ ಬೆನ್ನಿಗೇ, ಮುಖ್ಯ ತರಬೇತುದಾರ ಕಾರ್ಲಸ್ ಕ್ವದ್ರತ್ ಅವರನ್ನು ಬೀಳ್ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಅದು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಪಂದ್ಯದುದ್ದಕ್ಕೂ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದವರೂ ಈ ವಿಷಯ ಬಂದಾಗ ಎರಡು ಪಾಳಯವಾಗುತ್ತಾರೆ. ತಂಡದ ಆಟ ಜಡವಾಗಿತ್ತು, ಬದಲಾವಣೆ ಅನಿವಾರ್ಯವಾಗಿತ್ತು ಎಂದು ಒಂದು ಪಕ್ಷ. ಪ್ರಶಸ್ತಿ ತಂದುಕೊಟ್ಟವನಿಗೆ ಒಂದು ಋತುವನ್ನು ಪೂರ್ಣಗೊಳಿಸುವ ಅವಕಾಶವಾದರೂ ಇರಬೇಕಿತ್ತು ಎಂದು ಇನ್ನೊಂದು. ಅಂದು ಈ ಎರಡೂ ವಾದಗಳು ಊಹೆಯ ಮೇಲೆ ನಿಂತಿದ್ದವು. ಇಂದು ಪರಿಣಾಮಗಳೆಲ್ಲವೂ ನಮ್ಮ ಮುಂದಿವೆ. ಅವುಗಳನ್ನು ಪರಿಶೀಲಿಸಿದ ಬಳಿಕ ನಾವು ತಲುಪುವ ನಿಲುವು ಒಂದೇ: ಆ ನಿರ್ಧಾರ ತಪ್ಪಾಗಿತ್ತು, ಮತ್ತು ಆ ತಪ್ಪಿನ ಹೊಣೆ ತರಬೇತುದಾರನದಲ್ಲ.

ಈ ಕ್ಲಬ್ ಯಾವ ನಡವಳಿಕೆಯಿಂದ ದೊಡ್ಡದಾಯಿತು ಎಂಬುದನ್ನು ಮೊದಲು ನೆನೆಯಬೇಕು. 1977ರಲ್ಲಿ ಚೊಚ್ಚಲ ಫೆಡರೇಷನ್ ಕಪ್ ಗೆದ್ದ ಐಟಿಐ ತಂಡದ ಊರು ಬೆಂಗಳೂರು. ಸಾರ್ವಜನಿಕ ವಲಯದ ಕಾರ್ಖಾನೆಗಳ ತಂಡಗಳು ಸೊರಗಿದ ಮೇಲೆ ಈ ನಗರದ ಫುಟ್‌ಬಾಲ್ ಪ್ರೇಮಕ್ಕೆ ನೆಲೆ ಇಲ್ಲದಂತಾಗಿತ್ತು. ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಕಟ್ಟಿದ ತಂಡ ಆ ನೆಲೆಯನ್ನು ಒದಗಿಸಿತು. ಪದಾರ್ಪಣೆಯ ವರ್ಷವೇ ಐ–ಲೀಗ್ ಗೆದ್ದಿತು. ಆಶ್ಲೆ ವೆಸ್ಟ್‌ವುಡ್ ಮೂರು ಋತುಗಳಲ್ಲಿ ಎರಡು ಲೀಗ್ ಪ್ರಶಸ್ತಿಗಳನ್ನೂ ಒಂದು ಫೆಡರೇಷನ್ ಕಪ್ಪನ್ನೂ ತಂದರು. ಅನಂತರ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಕರೆದೊಯ್ದರು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಹಂತ ತಲುಪಿರಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕ್ವದ್ರತ್ 2018ರಲ್ಲಿ ಹೊಣೆ ಹೊತ್ತಾಗ ಪದ್ಧತಿ ಬದಲಾಗಲಿಲ್ಲ, ಆಟಗಾರರ ಜೊತೆಗಿನ ಸಂಬಂಧ ಕಡಿಯಲಿಲ್ಲ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಐಎಸ್‌ಎಲ್ ಪ್ರಶಸ್ತಿಯನ್ನು ಈ ನಗರಕ್ಕೆ ತಂದಿತು. ಲೀಗ್ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದ ತಂಡವೇ ಪ್ರಶಸ್ತಿಯನ್ನೂ ಗೆದ್ದದ್ದು ಆ ಟೂರ್ನಿಯಲ್ಲಿ ಅದೇ ಮೊದಲು. ಏಳೂವರೆ ವರ್ಷಗಳಲ್ಲಿ ಮೂವರೇ ಮುಖ್ಯ ತರಬೇತುದಾರರು, ಒಬ್ಬರಿಂದ ಇನ್ನೊಬ್ಬರಿಗೆ ಹರಿದುಬಂದ ಅನುಭವ. ಉಳಿದ ಕ್ಲಬ್‌ಗಳು ವರ್ಷಕ್ಕೊಬ್ಬರನ್ನು ಬದಲಿಸುತ್ತಿದ್ದ ಕಾಲದಲ್ಲಿ ಬೆಂಗಳೂರನ್ನು ಪ್ರತ್ಯೇಕವಾಗಿ ನಿಲ್ಲಿಸಿದ್ದು ಈ ಸ್ಥೈರ್ಯವೇ.

ಆಡಳಿತದ ಪರವಾದ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. 2019–20ರ ಋತುವಿನಲ್ಲಿ ತಂಡ 18 ಲೀಗ್ ಪಂದ್ಯಗಳಿಂದ ಗಳಿಸಿದ್ದು 22 ಗೋಲು ಮಾತ್ರ. ಫ್ರೀ ಕಿಕ್, ಕಾರ್ನರ್‌ಗಳನ್ನು ಬಿಟ್ಟರೆ ಗೋಲಿನ ದಾರಿಯೇ ಇಲ್ಲವೇನೋ ಎಂಬಂತಹ ಆಟ ನೋಡುಗರನ್ನು ದಣಿಸಿತ್ತು. ಎಎಫ್‌ಸಿ ಕಪ್ ಅರ್ಹತಾ ಹಂತದಲ್ಲಿ ಮಾಲ್ಡೀವ್ಸ್‌ನ ಮಝಿಯಾ ತಂಡದೆದುರು ತವರಿನಲ್ಲೇ ಪೆನಾಲ್ಟಿ ಶೂಟೌಟ್‌ನಲ್ಲಿ ಎಡವಿದ್ದು, ಎಟಿಕೆ ವಿರುದ್ಧದ ಸೆಮಿಫೈನಲ್‌ನಲ್ಲಿ ಮೊದಲ ಲೆಗ್‌ನ ಮುನ್ನಡೆಯನ್ನು ಕೋಲ್ಕತ್ತದಲ್ಲಿ ಕಳೆದುಕೊಂಡದ್ದು ನೋವಿನ ನೆನಪುಗಳೇ. ಆದರೆ ಅದೇ ಋತುವಿನಲ್ಲಿ ತಂಡ ಬಿಟ್ಟುಕೊಟ್ಟದ್ದು ಕೇವಲ 13 ಗೋಲು ಎಂಬುದನ್ನೂ, ಪ್ರಶಸ್ತಿ ತಂದ ವರ್ಷದ ಮುಂಚೂಣಿ ಆಟಗಾರ ಮಿಕು ತೆರವು ಮಾಡಿದ ಸ್ಥಾನಕ್ಕೆ ಸಮರ್ಥ ಬದಲಿ ದೊರೆಯಲಿಲ್ಲ ಎಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಬೇಕಾಗುತ್ತದೆ. ಗೋಲು ಬಾರದಿರುವುದಕ್ಕೆ ತರಬೇತುದಾರ ಉತ್ತರಿಸಬೇಕು, ನಿಜ. ಗೋಲು ಹೊಡೆಯುವವನನ್ನು ಕರೆತರುವ ಹಣ, ಅಧಿಕಾರ ಮತ್ತು ಕೊನೆಯ ರುಜು ಆಡಳಿತದ ಕೈಯಲ್ಲಿರುವಾಗ ಆ ಉತ್ತರವನ್ನು ಅವನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನು ಆ ಋತುವಿನ ಸಂದರ್ಭ. ಸಾಂಕ್ರಾಮಿಕದ ಕಾರಣ ಟೂರ್ನಿ ಇಡಿಯಾಗಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೂರು ಅಂಗಳಗಳಲ್ಲಿ ನಡೆಯಿತು. ಆಟಗಾರರೂ ಸಿಬ್ಬಂದಿಯೂ ತಿಂಗಳುಗಟ್ಟಲೆ ಹೋಟೆಲ್ ಕೊಠಡಿ ಮತ್ತು ಅಭ್ಯಾಸದ ಮೈದಾನಗಳ ನಡುವೆ ಬಂಧಿತರಾಗಿದ್ದರು. ತವರಿನ ಗ್ಯಾಲರಿಯೇ ಬಲವಾಗಿದ್ದ ತಂಡವೊಂದಕ್ಕೆ ಆ ಮೌನ ಎಷ್ಟು ಭಾರವಾಗಿದ್ದಿರಬೇಕೆಂದು ಕಂಠೀರವದಲ್ಲಿ ಒಂದು ಸಂಜೆ ಕಳೆದವರಿಗೆ ವಿವರಿಸಬೇಕಿಲ್ಲ. ಇಂತಹ ಪರಿಸ್ಥಿತಿಯಲ್ಲೂ ಡಿಸೆಂಬರ್ ಮೂರನೆಯ ವಾರದವರೆಗೆ ತಂಡ ಆಡಿದ ಆರು ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ: ಮೂರು ಗೆಲುವು, ಮೂರು ಡ್ರಾ. ಬಳಿಕ ಎಟಿಕೆ ಮೋಹನ್ ಬಾಗನ್ ಮತ್ತು ಜೆಮ್‌ಷೆಡ್‌ಪುರ ವಿರುದ್ಧ ಒಂದೊಂದು ಗೋಲಿನ ಅಂತರದ ಸೋಲು, ಮುಂಬೈ ಸಿಟಿ ವಿರುದ್ಧ 3–1ರ ಸೋಲು. ಹದಿನೈದು ದಿನಗಳ ಈ ಹಿನ್ನಡೆಗೆ, ಪರಸ್ಪರ ಒಪ್ಪಿಗೆಯ ಹೆಸರಿನಲ್ಲಿ, ಎರಡೂವರೆ ವರ್ಷಗಳ ಮುಖ್ಯ ತರಬೇತುದಾರನನ್ನು ಕ್ಲಬ್ ಬಿಟ್ಟುಕೊಟ್ಟಿತು. ತಂಡ ಹೊಸ ದಿಕ್ಕಿನಲ್ಲಿ ಸಾಗಬೇಕಿದೆ ಎಂದಿತು. ಆ ದಿಕ್ಕು ಯಾವುದೆಂದು ಅಭಿಮಾನಿಗಳಿಗೆ ಸ್ಪಷ್ಟವಾಗಲಿಲ್ಲ.

ಸಿದ್ಧತೆ ಇರಲಿಲ್ಲವೆಂಬುದಕ್ಕೆ ಮುಂದಿನ ಪಂದ್ಯಗಳೇ ಸಾಕ್ಷಿ. ಉಳಿದ 11 ಪಂದ್ಯಗಳನ್ನು ಹಂಗಾಮಿ ಹೊಣೆ ಹೊತ್ತ ನೌಷಾದ್ ಮೂಸಾ ಅವರೇ ನಡೆಸಬೇಕಾಯಿತು. ಅವರ ಮೊದಲ ಐದು ಪಂದ್ಯಗಳಲ್ಲಿ ಗೆಲುವು ಬರಲಿಲ್ಲ. ಕ್ವದ್ರತ್ ಒಂಬತ್ತು ಪಂದ್ಯಗಳಿಂದ 12 ಅಂಕ ಗಳಿಸಿದ್ದರು. ನಂತರದ 11 ಪಂದ್ಯಗಳಿಂದ ಬಂದದ್ದು 10. ಒಟ್ಟು 22 ಅಂಕಗಳೊಂದಿಗೆ ತಂಡ ಏಳನೆಯ ಸ್ಥಾನಕ್ಕಿಳಿದು, ಐಎಸ್‌ಎಲ್ ಪ್ರವೇಶಿಸಿದ ಬಳಿಕ ಮೊದಲ ಬಾರಿ ಸೆಮಿಫೈನಲ್‌ನಿಂದ ಹೊರಗುಳಿಯಿತು. ಇದರ ಭಾರವನ್ನು ಮೂಸಾ ಅವರ ಹೆಗಲಿಗೆ ಹೊರಿಸುವುದು ಅನ್ಯಾಯ. ಮೀಸಲು ತಂಡದ ಹುಡುಗರನ್ನು ಬೆಳೆಸುತ್ತಿದ್ದವರನ್ನು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಮಯವಾಗಲೀ ತಮ್ಮ ಪದ್ಧತಿಯನ್ನು ರೂಢಿಸುವ ವ್ಯವಧಾನವಾಗಲೀ ಕೊಡದೆ, ಬೇರೆಯವರು ಕಟ್ಟಿದ ತಂಡದ ಎದುರು ನಿಲ್ಲಿಸಿದ್ದು ಕ್ಲಬ್‌. ಜನವರಿಯ ಆ ನಿರ್ಧಾರ ಋತುವನ್ನು ಉಳಿಸುವುದಕ್ಕಾಗಿ ಎಂದಿದ್ದರೆ ಅದು ಉಳಿಸಲಿಲ್ಲ. ಮುಂದಿನ ಋತುವಿಗೆ ಬುನಾದಿ ಹಾಕುವುದಕ್ಕಾಗಿ ಎಂದಿದ್ದರೆ ಅದೂ ಆಗಲಿಲ್ಲ: ಬಳಿಕ ಬಂದ ಮಾರ್ಕೊ ಪೆಝೌಲಿ 2021–22ರಲ್ಲಿ ಆರನೆಯ ಸ್ಥಾನ ಪಡೆದು ನಿರ್ಗಮಿಸಿದರು.

ಯುರೋಪಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದು, ಮರುವರ್ಷದ ಫೆಬ್ರುವರಿಯಲ್ಲೇ ಕ್ಲಾಡಿಯೊ ರನಿಯೇರಿ ಅವರನ್ನು ವಜಾ ಮಾಡಿತು. ಬದಲಿಯಾಗಿ ಬಂದ ಕ್ರೇಗ್ ಷೇಕ್ಸ್‌ಪಿಯರ್ ತಮ್ಮ ಮೊದಲ ಐದೂ ಲೀಗ್ ಪಂದ್ಯಗಳನ್ನು ಗೆದ್ದರು, ತಂಡ 12ನೆಯ ಸ್ಥಾನದಲ್ಲಿ ಸುರಕ್ಷಿತವಾಯಿತು. ಆ ನಿರ್ಧಾರದ ನೈತಿಕತೆಯನ್ನು ಎಷ್ಟೇ ಪ್ರಶ್ನಿಸಿದರೂ ಅದರ ಹಿಂದಿನ ಭೀತಿ ವಾಸ್ತವವಾದದ್ದು. ಕೆಳ ದರ್ಜೆಗೆ ಜಾರಿದ ಕ್ಲಬ್ ಆದಾಯವನ್ನೂ ಆಟಗಾರರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. 2021ರ ಐಎಸ್‌ಎಲ್‌ನಲ್ಲಿ ಹಿಂಬಡ್ತಿಯೇ ಇರಲಿಲ್ಲ. ಕೊನೆಯ ಸ್ಥಾನ ಪಡೆದ ತಂಡವೂ ಮರುವರ್ಷ ಅದೇ ಲೀಗ್‌ನಲ್ಲಿ ಆಡುತ್ತಿತ್ತು. ಕಳೆದುಕೊಳ್ಳುವ ಭಯವಿಲ್ಲದ ಕಡೆ ತಾಳ್ಮೆಯ ಬೆಲೆ ಅತ್ಯಲ್ಪ, ಆತುರಕ್ಕೆ ಸಿಗುವ ಪ್ರತಿಫಲವೂ ಅತ್ಯಲ್ಪ. ಬೆಂಗಳೂರಿನ ಆಡಳಿತ ಯಾವ ಅಪಾಯದಿಂದ ಕ್ಲಬ್ಬನ್ನು ಪಾರುಮಾಡಲು ಹೊರಟಿತ್ತು ಎಂಬ ಪ್ರಶ್ನೆಗೆ ನಮಗೆ ಉತ್ತರ ಕಾಣುವುದಿಲ್ಲ.

ತಾಳ್ಮೆ ಏನು ಮಾಡಬಲ್ಲದು ಎಂಬುದನ್ನು ಇದೇ ಕ್ಲಬ್ ಎರಡು ವರ್ಷಗಳ ಬಳಿಕ ತೋರಿಸಿಕೊಟ್ಟಿತು ಎಂಬುದು ಈ ಪ್ರಕರಣದ ಅತ್ಯಂತ ಗಂಭೀರ ಅಂಶ. 2022–23ರಲ್ಲಿ ಸೈಮನ್ ಗ್ರೇಸನ್ ಅವರ ತಂಡ ಮೊದಲ 12 ಲೀಗ್ ಪಂದ್ಯಗಳಲ್ಲಿ ಎಂಟನ್ನು ಸೋತಿತ್ತು. ಕ್ವದ್ರತ್ ಅವರಿಗೆ ಅನ್ವಯಿಸಿದ ಮಾನದಂಡವನ್ನೇ ಅನ್ವಯಿಸಿದ್ದರೆ ಗ್ರೇಸನ್ ವರ್ಷಾಂತ್ಯವನ್ನೂ ಕಾಣುತ್ತಿರಲಿಲ್ಲ. ಆಡಳಿತ ಕಾಯಿತು. ತಂಡ ಉಳಿದ ಎಂಟೂ ಪಂದ್ಯಗಳನ್ನು ಗೆದ್ದಿತು. ಅಲ್ಲಿಯವರೆಗೆ ಅಜೇಯವಾಗಿದ್ದ ಮುಂಬೈ ಸಿಟಿಯನ್ನು ಮಣಿಸಿತು. ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ವರೆಗೂ ಹೋರಾಡಿ ಸೋತಿತು. ಅದೇ ಗ್ರೇಸನ್ 2023ರ ಡಿಸೆಂಬರ್‌ನಲ್ಲಿ, ಮುಂಬೈ ಸಿಟಿ ಎದುರು ಕಂಠೀರವದಲ್ಲಿ 4–0 ಅಂತರದ ಸೋಲಿನ ಮರುದಿನ ಹೊರಬಿದ್ದರು. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಕಂಡಿದ್ದ ಆ ತಂಡದ ಪರ ವಾದಿಸುವುದು ಕಷ್ಟವೇ. ಆದರೆ ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋಗಿದ್ದರು. ತರಬೇತುದಾರ ಬದಲಾದರೂ ತಂಡ ಹತ್ತನೆಯ ಸ್ಥಾನದಲ್ಲೇ ಋತು ಮುಗಿಸಿತು. ಹತ್ತನೆಯ ಸ್ಥಾನದ ಬಳಿಕವೂ ಆ ಹೊಸ ತರಬೇತುದಾರ ಜೆರಾರ್ಡ್ ಜರಗೋಜಾ ಅವರನ್ನು ಉಳಿಸಿಕೊಂಡಾಗ, 2025ರ ಏಪ್ರಿಲ್‌ನಲ್ಲಿ ತಂಡ ಮತ್ತೆ ಫೈನಲ್ ಆಡಿತು, ಹೆಚ್ಚುವರಿ ಅವಧಿಯವರೆಗೂ ಮೋಹನ್ ಬಾಗನ್‌ಗೆ ಮಣಿಯಲಿಲ್ಲ. ಎರಡು ಸಲ ಕಾದದ್ದು ಎರಡು ಫೈನಲ್‌ಗಳನ್ನು ತಂದಿತು. ಎರಡು ಸಲ ನಡು ಋತುವಿನಲ್ಲಿ ಕೈಬಿಟ್ಟದ್ದು ಏಳನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಕೊನೆಗೊಂಡಿತು.

ಕ್ವದ್ರತ್ ಅವರ ಸಾಮರ್ಥ್ಯ ಬತ್ತಿಹೋಗಿತ್ತು ಎಂಬ ವಾದವೂ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಅವರು ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಆ ಹಳೆಯ ಕ್ಲಬ್ ರಾಷ್ಟ್ರಮಟ್ಟದ ಪ್ರಶಸ್ತಿಗಾಗಿ 12 ವರ್ಷ ಕಾದಿತ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಲೀಗ್‌ನ ಮೊದಲ ಮೂರು ಪಂದ್ಯಗಳನ್ನು ಸೋತ ಮೇಲೆ, ಅವರು ಅಲ್ಲಿಂದಲೂ ನಿರ್ಗಮಿಸಿದರು. ಆ ಮೂರರಲ್ಲಿ ಮೊದಲನೆಯ ಸೋಲು ಕಂಠೀರವದಲ್ಲೇ ಆದದ್ದು. ಮೂರು ಸೋಲಿಗೆ ಒಂದು ನಿರ್ಗಮನ ಎಂಬುದು ಬೆಂಗಳೂರಿನ ದೋಷವಷ್ಟೇ ಅಲ್ಲ, ಭಾರತದ ಕ್ಲಬ್ ಫುಟ್‌ಬಾಲ್ ರೂಢಿಸಿಕೊಂಡ ನಡವಳಿಕೆ. ಇದರ ದಂಡವನ್ನು ವಿದೇಶಿ ತರಬೇತುದಾರರಿಗಿಂತ ಹೆಚ್ಚಾಗಿ ತೆತ್ತವರು ನಮ್ಮವರು. ವಿದೇಶಿಯೊಬ್ಬ ಹೋದ ಮರುಗಳಿಗೆ ನೆನಪಾಗುವ, ಇನ್ನೊಬ್ಬ ವಿದೇಶಿ ಬಂದ ಮರುಗಳಿಗೆ ಮರೆತುಹೋಗುವ ಹಂಗಾಮಿ ಸ್ಥಾನವೇ ಭಾರತೀಯ ತರಬೇತುದಾರನ ಪಾಲಿನದು ಎಂಬಂತಾಯಿತು. 2025ರಲ್ಲಿ ರಾಷ್ಟ್ರೀಯ ತಂಡವನ್ನು ಖಾಲಿದ್ ಜಮೀಲ್ ಅವರಿಗೂ 23 ವರ್ಷದೊಳಗಿನವರ ತಂಡವನ್ನು ನೌಷಾದ್ ಮೂಸಾ ಅವರಿಗೂ ವಹಿಸಿದಾಗ, ಕ್ಲಬ್‌ಗಳು ತೋರದ ವಿಶ್ವಾಸವನ್ನು ದೇಶ ತೋರಿತು.

ಅಭಿಮಾನಿಗಳಿಗೂ ಒಂದು ಮಾತು ಹೇಳುವುದು ನಮ್ಮ ಕರ್ತವ್ಯ. ಸೋತ ರಾತ್ರಿಯ ಸಂಕಟ ಅವರದು, ಟಿಕೆಟಿನ ಹಣ ಅವರದು, ತಂಡವನ್ನು ಪ್ರಶ್ನಿಸುವ ಹಕ್ಕೂ ಅವರದೇ. ಆದರೆ ಆ ಪ್ರಶ್ನೆ ಪ್ರತಿ ಸಲವೂ ಡಗ್‌ಔಟ್‌ನಲ್ಲಿ ನಿಂತ ಒಬ್ಬ ವ್ಯಕ್ತಿಯ ಎದುರೇ ಮುಗಿದುಹೋದರೆ, ಆಟಗಾರರನ್ನು ಆರಿಸಿದವರು, ಬಿಟ್ಟುಕೊಟ್ಟವರು, ಒಪ್ಪಂದಗಳಿಗೆ ರುಜು ಹಾಕಿದವರು ಎಂದೂ ಉತ್ತರಿಸಬೇಕಾಗುವುದಿಲ್ಲ. 2021ರಲ್ಲಿ ಗ್ಯಾಲರಿ ಖಾಲಿಯಾಗಿತ್ತು, ಕೇಳುವವರು ಎದುರಿನಲ್ಲಿರಲಿಲ್ಲ. ಈಗ ಇದ್ದಾರೆ. ಮುಂದೊಮ್ಮೆ ನಡು ಋತುವಿನಲ್ಲಿ ತರಬೇತುದಾರನನ್ನು ಕಳುಹಿಸುವ ಸಂದರ್ಭ ಬಂದರೆ, ಅವನ ಬದಲಿಗೆ ಯಾರು ಸಿದ್ಧರಿದ್ದಾರೆ, ತಂಡದ ಆಯ್ಕೆಯಲ್ಲಿ ಅವನ ಪಾಲೆಷ್ಟು, ಆಡಳಿತದ ಪಾಲೆಷ್ಟು ಎಂಬುದನ್ನು ಕ್ಲಬ್ಬಿನ ಮಾಲೀಕರು ಕಂಠೀರವಕ್ಕೆ ಬರುವ ಜನರ ಎದುರು ಹೇಳಬೇಕು. ಹೇಳುವವರೆಗೆ ಆ ಜನ ಕೇಳುತ್ತಿರಬೇಕು.