ಮಳೆ, ಹಣ್ಣು, ನೊಣ

ಮುಂಗಾರಿನ ಹನಿ ಬಿದ್ದರೆ ಹಣ್ಣಿಗೆ ಹುಳು ಬೀಳುವುದೆಂಬ ಮಾತುಂಟು. ಇದು ಪೂರ್ತಿ ಸುಳ್ಳಲ್ಲ. ಆದರೆ ಅಪರಾಧವನ್ನೆಲ್ಲ ಮಳೆಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಆ ಹುಳುವು ಹಣ್ಣುನೊಣದ ಮರಿ. ಹೆಣ್ಣುನೊಣವು ಬಲಿತ ಕಾಯಿಯ ಸಿಪ್ಪೆಯನ್ನು ಸೂಜಿಯಂತಹ ಅವಯವದಿಂದ ಚುಚ್ಚಿ ಒಳಗೆ ಮೊಟ್ಟೆಯಿಡುವುದು. ಪರರ ದೋಷವನ್ನರಸುವವನಿಗೆ ಸಂಸ್ಕೃತದಲ್ಲಿ ಛಿದ್ರಾನ್ವೇಷಿಯೆಂದು ಹೆಸರು; ಈ ಪ್ರಾಣಿಯಾದರೋ ಅರಸುವ ಶ್ರಮವೇಕೆಂದು ಛಿದ್ರವನ್ನು ತಾನೇ ಮಾಡಿಬಿಡುವುದು! ಒಂದೆರಡು ದಿನಗಳಲ್ಲಿ ಹುಟ್ಟಿದ ಮರಿಯು ವಾರದಷ್ಟು ಕಾಲ ತಿರುಳನ್ನು ತಿಂದು, ಹಣ್ಣು ಉದುರಿದ ಬಳಿಕ ಮಣ್ಣನ್ನು ಹೊಕ್ಕು ಕೋಶವಾಗುವುದು. ಬೆಚ್ಚನೆಯ ಕಾಲದಲ್ಲಿ ಸುಮಾರು 10 ದಿನಗಳಿಗೆ ಅದರಿಂದ ಹೊಸ ನೊಣವೇಳುವುದು.

ಮಳೆಯ ಪಾತ್ರವಿರುವುದು ಈ ಮಣ್ಣಿನಲ್ಲಿ. ಒಣಗಿ ಕಾದ ನೆಲದಲ್ಲಿ ಕೋಶಗಳು ಬಹುವಾಗಿ ಸಾಯುವುವು. ನೀರು ನಿಂತ ನೆಲದಲ್ಲಿಯೂ ಅಷ್ಟೆ. ಹದವಾಗಿ ನೆನೆದುದೇ ಅವಕ್ಕೆ ಹಿತ. ಕಾವೇರಿಯು ಕೊಡಗನ್ನು ಬಿಟ್ಟು ಹೊರಡುವ ನಮ್ಮ ಶಿರಂಗಾಲದಲ್ಲಿ ಭಾಗಮಂಡಲದಂತೆ ಮಳೆ ಹೊಯ್ಯುವುದಿಲ್ಲವಷ್ಟೆ. ಮಾವು ಹಣ್ಣಾಗುವ ಮೇ ಜೂನ್ ತಿಂಗಳುಗಳಲ್ಲಿಯೇ ನೆಲವೂ ಹದಕ್ಕೆ ಬರುವುದು. ಚಳಿಯಲ್ಲಿ ಎಲ್ಲವೂ ನಿಧಾನ.

ಆದರೆ ಹದವೆಷ್ಟಿದ್ದರೂ ಹಣ್ಣಿಲ್ಲದೆ ಇದರ ಸಂತಾನವಿಲ್ಲ. ಮಾವು ಮುಗಿಯುವಷ್ಟರಲ್ಲಿ ಹಿತ್ತಿಲಿನ ಸೀಬೆ ಹಣ್ಣಾಗುವುದು. ಸೀಬೆಯ ಬಳಿಕ ಬೆಟ್ಟದ ತೋಟಗಳ ಕಿತ್ತಳೆ. ಒಂದು ಮರವು ಇನ್ನೊಂದಕ್ಕೆ ನೊಣವನ್ನು ಒಪ್ಪಿಸಿಕೊಡುವುದು; ನೊಣವು ಬೇಲಿಯನ್ನು ಲೆಕ್ಕಿಸದು. ನಮ್ಮ ಮನೆಯಲ್ಲಿ ಯಾರೂ ತಿನ್ನದೆ ಕೊಳೆಯುವ ಸೀಬೆಯು, ಕಿತ್ತಳೆ ಮಾರಿ ಸಾಲ ತೀರಿಸಬೇಕಾದವನ ಗಂಟನ್ನು ಕರಗಿಸುವುದು. ಇದನ್ನು ಸಣ್ಣ ವಿಷಯವೆಂದು ನಾನು ಎಣಿಸಲಾರೆ.

ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ ಎಂಬಾತನು, ಸಿಟ್ರೊನೆಲ್ಲ ಹುಲ್ಲಿನ ಎಣ್ಣೆಗೆ ಗಂಡುನೊಣಗಳು ಮುತ್ತುವುದನ್ನು 1912ರಲ್ಲಿ ಪ್ರಕಟಿಸಿದನು. 1915ರಲ್ಲಿ ಅವುಗಳನ್ನು ಸೆಳೆಯುವ ದ್ರವ್ಯವು ಮೀಥೈಲ್ ಯೂಜಿನಾಲ್ ಎಂದು ತೋರಿಸಿದನು. ನಮ್ಮ ತುಳಸಿಯಲ್ಲಿಯೂ ಈ ದ್ರವ್ಯವುಂಟು. ಇಂದು ಮಾರುವ ಬೋನುಗಳಲ್ಲಿ ಇರುವುದೂ ಅದೇ. ಬೋನು ಒಳ್ಳೆಯದೇ, ಆದರೆ ಅದಕ್ಕೆ ಬೀಳುವುವು ಗಂಡುಗಳು ಮಾತ್ರ, ಉಳಿದ ಕೆಲವೇ ಗಂಡುಗಳು ಅನೇಕ ಹೆಣ್ಣುಗಳಿಗೆ ಸಾಕು. ಸೋರೆ ಹೀರೆಗಳನ್ನು ಕೆಡಿಸುವ ನೊಣವು ಬೇರೆ ಜಾತಿಯದಾದುದರಿಂದ ಈ ವಾಸನೆಗೆ ಬಾರದು.

ಆದುದರಿಂದ ಗೃಹಸ್ಥರು ಬಿದ್ದ ಹಣ್ಣನ್ನು ದಿನದಿನವೂ ಆರಿಸತಕ್ಕದ್ದು. ತಿಪ್ಪೆಗೆ ಎಸೆದರೆ ಮರಿಗೆ ಮೆತ್ತನೆಯ ಹಾಸಿಗೆಯನ್ನೇ ಕೊಟ್ಟಂತಾಯಿತು. ಎರಡಡಿ ಆಳದ ಗುಳಿಯಲ್ಲಿ ಹೂಳಿ ಮಣ್ಣನ್ನು ತುಳಿಯಬಹುದು. ಇಲ್ಲವೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಬಹುದು. ಆಷಾಢದಲ್ಲಿ ಬಿಸಿಲೆಲ್ಲಿಯದೆಂದು ಕೇಳುವಿರಾದರೆ, ಗುಳಿಯೇ ಸರಿ.