ಅವಧಿ ತೀರಿದ ಮೇಲೆ ಕಾರಿನ ಎ.ಸಿ. ಕೆಟ್ಟರೆ

ಚಿತ್ರದುರ್ಗ, ಹಿರಿಯೂರುಗಳ ಬೇಸಗೆಯನ್ನು ಬಲ್ಲ ಗೃಹಸ್ಥರಿಗೆ ಕಾರಿನ ಎ.ಸಿ.ಯು ಕೇವಲ ಭೋಗದ ವಸ್ತುವಲ್ಲ. ವೃದ್ಧರನ್ನೂ ಶಿಶುಗಳನ್ನೂ ಕರೆದೊಯ್ಯುವವರಿಗೆ ಅದು ಅವಶ್ಯವಾದುದು. ವಾರಂಟಿ ಮುಗಿದ ಬಳಿಕ ಅದು ಕೆಟ್ಟರೆ, “ಗ್ಯಾಸ್ ಮುಗಿದಿದೆ, ತುಂಬಿಸಿಬಿಡೋಣ” ಎಂಬ ಮಾತು ಕೇಳಿಬರುವುದುಂಟು. ವಾಚಕರು ಇಲ್ಲಿ ಎಚ್ಚರದಿಂದಿರಬೇಕು.

ಆ ಗ್ಯಾಸು ಪೆಟ್ರೋಲಿನಂತೆ ಉರಿದು ವ್ಯಯವಾಗತಕ್ಕದ್ದಲ್ಲ. ಅದು ಕಂಪ್ರೆಸರಿನ ಒತ್ತಡಕ್ಕೆ ಸಿಕ್ಕಿ, ಮುಂಭಾಗದ ಕಂಡೆನ್ಸರಿನಲ್ಲಿ ಶಾಖವನ್ನು ಬಿಟ್ಟು ದ್ರವವಾಗಿ, ಒಳಗೆ ಪುನಃ ಆವಿಯಾಗಿ ತಂಪನ್ನೀಯುತ್ತ, ಮುಚ್ಚಿದ ಕೊಳವೆಗಳಲ್ಲಿಯೇ ಸುತ್ತುತ್ತಿರುವುದು. ವರ್ಷಗಳು ಕಳೆದಂತೆ ಅಲ್ಪಸ್ವಲ್ಪ ಕುಂದಬಹುದು. ಬೇಗನೆ ಬರಿದಾಯಿತೆಂದರೆ ಎಲ್ಲಿಯೋ ಸೋರಿಕೆಯುಂಟು. ಅದನ್ನು ಹುಡುಕದೆ ಗ್ಯಾಸು ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆಯೇ ಸರಿ. ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಆಮೇಲೆ. ಇಲ್ಲಿಯೂ ಅದೇ ಕ್ರಮ. ಫ್ಯೂಸು, ಫ್ಯಾನು, ಧೂಳು ಕಟ್ಟಿದ ಫಿಲ್ಟರು ಇವನ್ನು ಹೊಸದುರ್ಗ, ಹೊಳಲ್ಕೆರೆಗಳವರು ತಮ್ಮೂರಿನ ಮೆಕ್ಯಾನಿಕರಿಂದಲೇ ಮೊದಲು ನೋಡಿಸಬಹುದು. ಬಳಿಕ ಸೋರಿಕೆಯ ಪರೀಕ್ಷೆ. ಅಂದಾಜು ಖರ್ಚನ್ನು ಬರೆಯಿಸಿಕೊಂಡೇ ಒಪ್ಪಿಗೆ ಕೊಡಿರಿ. ಬದಲಿಸಿದ ಹಳೆಯ ಭಾಗವನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ.

ದೋಷವು ವಾರಂಟಿಯೊಳಗೇ ತೋರಿ, ಆಗಲೇ ಬರೆಹದಲ್ಲಿ ತಿಳಿಸಿದ್ದ ಪಕ್ಷದಲ್ಲಿ, ಅವಧಿ ತೀರಿತೆಂಬ ಉತ್ತರಕ್ಕೆ ಸುಮ್ಮನಾಗಬೇಕಾದುದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ, ದೂರಿಗೆ ಕಾರಣವುಂಟಾದ 2 ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ನಮ್ಮವರು ಚಿತ್ರದುರ್ಗವನ್ನು ದಾಟಿ ಹೋಗಬೇಕಾಗಿಲ್ಲ. ಆದುದರಿಂದ ವಾರಂಟಿ ಇನ್ನೂ ಉಳಿದಿರುವವರು ಅದು ತೀರುವ ಮುನ್ನವೇ ಎ.ಸಿ.ಯನ್ನು ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಬರೆದು ಕೊಟ್ಟು, ಅದರ ಪ್ರತಿಯನ್ನು ಜೋಪಾನವಾಗಿಡತಕ್ಕದ್ದು.